ಪ್ರೋಗ್ರಾಮಿಂಗಿಗೆ ಮೊದಲ ಪುಸ್ತಕ ಯಾವುದು?

ಪೈಥಾನ್ ಭಾಷೆಯನ್ನು ಕಲಿಯಬಯಸಿದ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅಗ್ಗವಾಗಿ ದೊರೆತ ಹಳೆಯ ಪುಸ್ತಕವೊಂದನ್ನು ಕೊಂಡು ತಂದನೆಂದು ಭಾವಿಸೋಣ. ಮೊದಲ ಪಾಠದಲ್ಲಿರುವ ಒಂದೇ ಸಾಲಿನ ಪ್ರೋಗ್ರಾಮನ್ನು ಅವನು ಒಂದಕ್ಷರವೂ ತಪ್ಪದಂತೆ ಟೈಪ್ ಮಾಡುತ್ತಾನೆ. ಯಂತ್ರವು 'ತಪ್ಪು' ಎಂದುಬಿಡುತ್ತದೆ. ನಾಲ್ಕು ಬಾರಿ ಟೈಪ್ ಮಾಡಿದರೂ ಅದೇ ಉತ್ತರ. ಈ ವಿದ್ಯೆ ತನಗೆ ಒಲಿಯುವಂಥದಲ್ಲವೆಂದು ಅವನು ಪುಸ್ತಕವನ್ನು ಮುಚ್ಚಿಡುತ್ತಾನೆ. ತಪ್ಪು ಅವನದಲ್ಲ, ಪುಸ್ತಕ ಅಚ್ಚಾದ ಕಾಲದ್ದು.

ಸಂಗತಿ ಇಷ್ಟೆ. ಪೈಥಾನಿನ ಮೂರನೆಯ ಆವೃತ್ತಿಯು 2008ರ ಡಿಸೆಂಬರಿನಲ್ಲಿ ಹೊರಬಂದಿತು. ಎರಡನೆಯದರಲ್ಲಿ 'ಪ್ರಿಂಟ್' ಎಂಬ ಪದದ ಮುಂದೆ ಬೇಕಾದುದನ್ನು ಹಾಗೆಯೇ ಬರೆಯಬಹುದಾಗಿತ್ತು. ಮೂರನೆಯದರಲ್ಲಿ ಅದನ್ನು ಆವರಣ ಚಿಹ್ನೆಗಳೊಳಗೆ ಇಡಲೇಬೇಕು. ಹಳೆಯ ಆವೃತ್ತಿಯ ಪೋಷಣೆಯು 2020ರ ಜನವರಿ 1ರಂದು ನಿಂತಿತು. ಅದನ್ನು ಕಲಿಸುವ ಪುಸ್ತಕಗಳು ಮಾತ್ರ ಉಳಿದುಕೊಂಡಿವೆ.

ಯಂತ್ರವು ತಪ್ಪೆಂದು ಹೇಳಿದರೆ ಅದೊಂದು ಉಪಕಾರವೇ ಸರಿ. ಹೇಳದೆ ಸುಮ್ಮನಿದ್ದಾಗಲೇ ತೊಡಕು. ಓರೆಗೆರೆಯ ಚಿಹ್ನೆಯನ್ನು ಬಳಸಿ 7ನ್ನು 2ರಿಂದ ಭಾಗಿಸೆಂದರೆ ಹಳೆಯ ಪೈಥಾನ್ ಶೇಷವನ್ನು ಕೈಬಿಟ್ಟು 3 ಎನ್ನುತ್ತಿತ್ತು. ಹೊಸದು 3.5 ಎನ್ನುತ್ತದೆ, 3 ಬೇಕಾದರೆ ಎರಡು ಓರೆಗೆರೆಗಳನ್ನು ಹಾಕಬೇಕು. ಇಂಥ ಭಾಗಾಕಾರವೊಂದು ದೊಡ್ಡ ಪ್ರೋಗ್ರಾಮಿನ ನಡುವೆ ಅಡಗಿ ಕುಳಿತರೆ ಅದನ್ನು ಹುಡುಕಿ ತೆಗೆಯುವುದು ಹೊಸಬನಿಗೆ ಸುಲಭವಲ್ಲ.

ಆದುದರಿಂದ ಪುಸ್ತಕದ ಹೆಸರಿನೊಡನೆ ಅದರ ಮುದ್ರಣವನ್ನೂ ಗಮನಿಸಬೇಕು. ಅಲೆನ್ ಡೌನಿಯವರ 'ಥಿಂಕ್ ಪೈಥಾನ್' ಆರಂಭಿಕರಿಗೆ ಒಳ್ಳೆಯ ಪುಸ್ತಕ. ಆದರೆ 2012ರ ಮುದ್ರಣವು ಎರಡನೆಯ ಪೈಥಾನನ್ನು ಕಲಿಸುತ್ತದೆ, 2015ರ ಮುದ್ರಣವು ಮೂರನೆಯದನ್ನು. ಲೇಖಕರು ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿಯೇ ಇಟ್ಟಿರುವುದರಿಂದ ಅಗ್ಗದ ಹಳೆಯ ಪ್ರತಿಗೆ ಆಸೆಪಡಬೇಕಾದ ಕಾರಣವೂ ಇಲ್ಲ.

ಶ್ರೇಷ್ಠವಾದ ಗ್ರಂಥವು ಮೊದಲ ಪುಸ್ತಕವೂ ಆಗಬೇಕೆಂದಿಲ್ಲ. ಸಿ ಭಾಷೆಯನ್ನು ಕುರಿತು ಕರ್ನಿಘನ್ ಮತ್ತು ರಿಚಿ 1978ರಲ್ಲಿ ಪ್ರಕಟಿಸಿದ ಗ್ರಂಥವನ್ನು ಹಿರಿಯರು ಕಣ್ಣುಮುಚ್ಚಿ ಶಿಫಾರಸು ಮಾಡುವುದುಂಟು. ರಿಚಿಯವರು ಆ ಭಾಷೆಯನ್ನು ನಿರ್ಮಿಸಿದವರೇ. ಆದರೆ ಚರ, ಲೂಪ್, ಫಂಕ್ಷನ್ ಮೊದಲಾದವುಗಳ ಪರಿಚಯ ಓದುಗನಿಗೆ ಮೊದಲೇ ಉಂಟೆಂದು ಎಣಿಸಿ ಬರೆದುದಾಗಿ ಅದರ ಪೀಠಿಕೆಯೇ ತಿಳಿಸುತ್ತದೆ. ಪೀಠಿಕೆಯನ್ನು ಓದುವವರು ವಿರಳ!

ಕೊಳ್ಳುವ ಮುನ್ನ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಗಂಟೆ ಕುಳಿತು, ಮೊದಲೆರಡು ಅಧ್ಯಾಯಗಳ ಉದಾಹರಣೆಗಳನ್ನು ಯಂತ್ರದಲ್ಲಿ ನಡೆಸಿ ನೋಡಿರಿ. ಅವು ನಡೆದು, ಕೊನೆಯ ಅಭ್ಯಾಸಗಳಲ್ಲಿ ಒಂದೆರಡನ್ನು ನೀವಾಗಿ ಬಿಡಿಸಲು ಸಾಧ್ಯವಾದರೆ ಪುಸ್ತಕವನ್ನು ಮನೆಗೆ ತನ್ನಿರಿ. ಅಭ್ಯಾಸಗಳೇ ಇಲ್ಲದ ಪುಸ್ತಕವನ್ನು, ಅದೆಷ್ಟೇ ದಪ್ಪವಾಗಿರಲಿ, ನಾನಂತೂ ಕೊಳ್ಳಲಾರೆ.