ಎಂಜಿಬಿ ಕಾರಿನ ಉನ್ನತೀಕರಣ ಮತ್ತು ಮಾರ್ಪಾಡು

ಎಂಜಿಬಿ ಎಂಬುದು ಬ್ರಿಟನ್ನಿನ ಎಂಜಿ ಸಂಸ್ಥೆಯು 1962ರಿಂದ 1980ರವರೆಗೆ ತಯಾರಿಸಿದ ಸ್ಪೋರ್ಟ್ಸ್ ಕಾರು. ತಯಾರಿಕೆ ನಿಂತು ದಶಕಗಳು ಕಳೆದಿದ್ದರೂ ಈ ಕಾರುಗಳು ಇಂದಿಗೂ ಗಣನೀಯ ಸಂಖ್ಯೆಯಲ್ಲಿ ಓಡಾಡುತ್ತಿವೆ. ಹಳೆಯ ಕಾರನ್ನು ಇಂದಿನ ವಾಹನ ಸಂಚಾರಕ್ಕೂ ಇಂದಿನ ಇಂಧನಕ್ಕೂ ಹೊಂದುವಂತೆ ಮಾಡಲು, ಅಥವಾ ಅದರ ವೇಗ ಮತ್ತು ಶಕ್ತಿಯನ್ನು ಹೆಚ್ಚಿಸಲು, ಅದರ ಭಾಗಗಳನ್ನು ಬದಲಿಸುವುದನ್ನು ಉನ್ನತೀಕರಣ ಎನ್ನಲಾಗುತ್ತದೆ. ಮಾಲೀಕನ ಅಭಿರುಚಿಗೆ ತಕ್ಕಂತೆ ರೂಪವನ್ನು ಬದಲಿಸುವುದು ಮಾರ್ಪಾಡು. ಆಚರಣೆಯಲ್ಲಿ ಇವೆರಡೂ ಒಂದರೊಳಗೊಂದು ಬೆರೆತಿರುತ್ತವೆ. ಬಿಡಿಭಾಗಗಳು ಸುಲಭವಾಗಿ ದೊರೆಯುವುದರಿಂದಲೂ ರಚನೆಯು ಸರಳವಾಗಿರುವುದರಿಂದಲೂ ಈ ಬಗೆಯ ಕೆಲಸಕ್ಕೆ ಎಂಜಿಬಿಯನ್ನು ಉತ್ತಮ ಉದಾಹರಣೆಯಾಗಿ ಪರಿಗಣಿಸಬಹುದು.

ಹಿನ್ನೆಲೆ

ಎಂಜಿಬಿಯನ್ನು ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಿಸಲಾಯಿತು. ತೆರೆದ ಮೇಲ್ಭಾಗದ ರೋಡ್‌ಸ್ಟರ್ ಮೊದಲು ಬಂದಿತು. ಸ್ಥಿರವಾದ ಛಾವಣಿಯುಳ್ಳ ಜಿಟಿ ಮಾದರಿಯು 1965ರಲ್ಲಿ ಸೇರಿತು. ಎರಡೂ ಸೇರಿ ಐದು ಲಕ್ಷಕ್ಕಿಂತ ಹೆಚ್ಚು ಕಾರುಗಳು ಹೊರಬಂದವು. ಇದಕ್ಕೆ ಪ್ರತ್ಯೇಕವಾದ ಚಾಸಿ ಇಲ್ಲ; ಬೆಸೆದ ಉಕ್ಕಿನ ತಗಡಿನ ಮೈಯೇ ಭಾರವನ್ನೆಲ್ಲ ಹೊರುತ್ತದೆ.

ಇದರಲ್ಲಿದ್ದ 1798 ಸಿಸಿ ಸಾಮರ್ಥ್ಯದ ನಾಲ್ಕು ಸಿಲಿಂಡರಿನ ಇಂಜಿನ್ ಆರಂಭದ ಕಾರುಗಳಲ್ಲಿ ಸುಮಾರು 95 ಅಶ್ವಶಕ್ತಿಯನ್ನು ನೀಡುತ್ತಿತ್ತು. ಇದು ಬಿಎಂಸಿ ಸಂಸ್ಥೆಯ ಬಿ-ಸೀರೀಸ್ ಎಂಬ ಇಂಜಿನ್ ಕುಟುಂಬಕ್ಕೆ ಸೇರಿದ್ದು. ಭಾರತದಲ್ಲಿ ಬಹುಕಾಲ ಓಡಿದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಇದೇ ಕುಟುಂಬದ್ದು. ಆದುದರಿಂದ ಅಂಬಾಸಿಡರ್ ಇಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ ಎಂಜಿಬಿಯ ಇಂಜಿನ್ ಅಪರಿಚಿತವೆನಿಸುವುದಿಲ್ಲ.

ಕೆಲಸದ ಕ್ರಮ

ಹಳೆಯ ಕಾರಿನ ಉನ್ನತೀಕರಣದಲ್ಲಿ ಯಾವ ಭಾಗವನ್ನು ಬದಲಿಸಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಬದಲಿಸಬೇಕು ಎಂಬುದು ಮುಖ್ಯ. ಕಾರಿನ ಭಾಗಗಳು ಒಂದನ್ನೊಂದು ಅವಲಂಬಿಸಿವೆ. ಇಂಜಿನ್ನಿನ ಶಕ್ತಿ ಹೆಚ್ಚಿದರೆ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಬ್ರೇಕ್ ಮತ್ತು ರೇಡಿಯೇಟರ್‌ಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಚಲಿಸುವ ವಸ್ತುವಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಿಸುವುದಕ್ಕಿಂತ 90 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಬ್ರೇಕುಗಳು ಎರಡೂಕಾಲು ಪಟ್ಟು ಹೆಚ್ಚು ಶಕ್ತಿಯನ್ನು ಶಾಖವನ್ನಾಗಿ ಪರಿವರ್ತಿಸಬೇಕಾಗುತ್ತದೆ. ಈ ಕಾರಣದಿಂದ ಮೊದಲು ಮೈ, ಆನಂತರ ಬ್ರೇಕ್ ಮತ್ತು ಸಸ್ಪೆನ್ಷನ್, ಕೊನೆಗೆ ಇಂಜಿನ್ ಎಂಬ ಕ್ರಮವು ಸುರಕ್ಷಿತವಾದುದು. ಈ ಕ್ರಮವನ್ನು ತಲೆಕೆಳಗು ಮಾಡಿದ ಕಾರು ವೇಗವಾಗಿ ಓಡಬಲ್ಲುದು, ಆದರೆ ಸಕಾಲದಲ್ಲಿ ನಿಲ್ಲಲಾರದು.

ಮೈ ಮತ್ತು ತುಕ್ಕು

ಎಂಜಿಬಿಯ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾದುಹೋಗುವ ಸಿಲ್ ಎಂಬ ಪೆಟ್ಟಿಗೆಯಾಕಾರದ ಭಾಗವೇ ಕಾರಿಗೆ ಬೆನ್ನೆಲುಬು. ರೋಡ್‌ಸ್ಟರ್‌ನಲ್ಲಿ ಛಾವಣಿ ಇಲ್ಲದ ಕಾರಣ ಇದರ ಮಹತ್ವ ಇನ್ನೂ ಹೆಚ್ಚು. ಸಿಲ್‌ನ ಒಳಗೆ ನೀರು ಮತ್ತು ಕೆಸರು ಸೇರಿ ತುಕ್ಕು ಹಿಡಿಯುವುದು ಸಾಮಾನ್ಯ. ಹೊರಗಿನ ತಗಡಿಗೆ ತೇಪೆ ಹಾಕಿ ಬಣ್ಣ ಬಳಿದರೆ ಒಳಗಿನ ಸವಕಳಿ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಸಿಲ್ ಕತ್ತರಿಸುವ ಮುನ್ನ ಬಾಗಿಲಿನ ತೆರವಿಗೆ ಅಡ್ಡವಾಗಿ ಕಬ್ಬಿಣದ ಆಧಾರಪಟ್ಟಿಗಳನ್ನು ಕೊಟ್ಟು ಮೈಯನ್ನು ಬಿಗಿಗೊಳಿಸಬೇಕು. ಇಲ್ಲದಿದ್ದರೆ ಮೈ ನಡುವೆ ಕುಸಿದು, ಹೊಸ ಸಿಲ್ ಬೆಸೆದ ಮೇಲೆ ಬಾಗಿಲುಗಳು ಮುಚ್ಚದಂತಾಗುತ್ತವೆ.

ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು 1988ರಿಂದ ಎಂಜಿಬಿಯ ಸಂಪೂರ್ಣ ಹೊಸ ಮೈಯನ್ನು ಮೂಲ ಅಚ್ಚುಗಳನ್ನು ಬಳಸಿ ತಯಾರಿಸತೊಡಗಿತು. ಸರಿಪಡಿಸಲಾಗದಷ್ಟು ತುಕ್ಕು ಹಿಡಿದ ಕಾರಿನ ಯಂತ್ರಭಾಗಗಳನ್ನು ಹೊಸ ಮೈಗೆ ವರ್ಗಾಯಿಸಲು ಇದರಿಂದ ಸಾಧ್ಯವಾಯಿತು.

ಬ್ರೇಕ್

ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವುಗಳಿಗೆ ಡ್ರಮ್ ಬ್ರೇಕ್ ಇರುವುದು ಎಂಜಿಬಿಯ ಮೂಲ ವ್ಯವಸ್ಥೆ. ಆರಂಭದ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವಿತ್ತು. ಎಲ್ಲಿಯೇ ಸೋರಿಕೆಯಾದರೂ ಕಾಲಿನ ಬ್ರೇಕ್ ಪೂರ್ತಿ ವಿಫಲವಾಗಿ ಕೈಬ್ರೇಕ್ ಮಾತ್ರ ಉಳಿಯುತ್ತಿತ್ತು. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಮಾರ್ಗಗಳುಳ್ಳ ವ್ಯವಸ್ಥೆಯನ್ನು ಅಳವಡಿಸುವುದು ಹೊರನೋಟಕ್ಕೆ ಕಾಣದಿದ್ದರೂ ಬಹಳ ಉಪಯುಕ್ತವಾದ ಬದಲಾವಣೆ. ಪೆಡಲ್ ಒತ್ತುವ ಬಲವನ್ನು ಕಡಿಮೆ ಮಾಡುವ ಸರ್ವೋ, ಉತ್ತಮ ಗುಣಮಟ್ಟದ ಪ್ಯಾಡುಗಳು ಮತ್ತು ಹೊಸ ಹೋಸ್‌ಗಳು ಇತರ ಸಾಮಾನ್ಯ ಸುಧಾರಣೆಗಳು. ಸರ್ವೋ ಬ್ರೇಕನ್ನು ಹಗುರಗೊಳಿಸುತ್ತದೆ. ಟೈರಿನ ಹಿಡಿತವನ್ನು ಅದು ಹೆಚ್ಚಿಸುವುದಿಲ್ಲ. ಹಳೆಯ ಗಟ್ಟಿಯಾದ ಟೈರುಗಳಿದ್ದರೆ ಉಳಿದೆಲ್ಲ ಖರ್ಚೂ ನಿಷ್ಫಲ.

ಸಸ್ಪೆನ್ಷನ್ ಮತ್ತು ಎತ್ತರ

ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್‌ಗಳೂ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್‌ಗಳೂ ಇವೆ. ಕುಲುಕಾಟವನ್ನು ತಡೆಯಲು ಲಿವರ್ ಮಾದರಿಯ ಡ್ಯಾಂಪರ್‌ಗಳನ್ನು ಬಳಸಲಾಗಿದೆ. ಮುಂದಿನ ಡ್ಯಾಂಪರಿನ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳಾಗಿಯೂ ಕೆಲಸ ಮಾಡುವುದು ಇದರ ವಿಶೇಷ. ಹೀಗಾಗಿ ಮುಂಭಾಗಕ್ಕೆ ಆಧುನಿಕ ಕೊಳವೆಯಾಕಾರದ ಡ್ಯಾಂಪರ್ ಹಾಕಬೇಕಾದರೆ ಅದಕ್ಕೆಂದೇ ರೂಪಿಸಿದ ಜೋಡಣೆ ಬೇಕಾಗುತ್ತದೆ. ದುರಸ್ತಿಗೊಂಡ ಮೂಲ ಡ್ಯಾಂಪರ್‌ಗಳು, ಹೊಸ ಬುಷ್‌ಗಳು ಹಾಗೂ ದಪ್ಪನೆಯ ಆಂಟಿ-ರೋಲ್ ಬಾರ್ ಸಾಮಾನ್ಯ ಬಳಕೆಗೆ ಸಾಕಾಗುತ್ತವೆ.

ಅಮೆರಿಕದ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿ 1974ರ ಉತ್ತರಾರ್ಧದಲ್ಲಿ ಹೊಳೆಯುವ ಕ್ರೋಮ್ ಬಂಪರ್‌ಗಳ ಬದಲಿಗೆ ಕಪ್ಪು ರಬ್ಬರ್ ಹೊದಿಕೆಯ ದೊಡ್ಡ ಬಂಪರ್‌ಗಳು ಬಂದವು. ಕಾರಿನ ಎತ್ತರವನ್ನೂ ಒಂದು ಇಂಚಿಗೆ ಕಡಿಮೆಯಿಲ್ಲದಂತೆ ಹೆಚ್ಚಿಸಲಾಯಿತು. ಗುರುತ್ವ ಕೇಂದ್ರವು ಮೇಲೇರಿದುದರಿಂದ ತಿರುವುಗಳಲ್ಲಿ ಕಾರು ಹೆಚ್ಚು ವಾಲುತ್ತಿತ್ತು. ಈ ಕಾರುಗಳ ಎತ್ತರವನ್ನು ಮತ್ತೆ ತಗ್ಗಿಸುವುದು ಮತ್ತು ಕ್ರೋಮ್ ಬಂಪರ್ ಜೋಡಿಸುವುದು ಬಹಳ ಜನಪ್ರಿಯವಾದ ಮಾರ್ಪಾಡುಗಳು. ಮೊದಲನೆಯದು ಓಟವನ್ನು ಸುಧಾರಿಸುತ್ತದೆ. ಎರಡನೆಯದಕ್ಕೆ ಮೈಯ ತಗಡನ್ನು ಕತ್ತರಿಸಿ ಬೆಸೆಯಬೇಕಾಗುತ್ತದೆ. ಪ್ರಯೋಜನವು ಮುಖ್ಯವಾಗಿ ಅಂದಕ್ಕೆ ಸಂಬಂಧಿಸಿದ್ದು.

ಇಂಜಿನ್

1964ರವರೆಗಿನ ಇಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟನ್ನು ಮೂರು ಮುಖ್ಯ ಬೇರಿಂಗ್‌ಗಳು ಹೊರುತ್ತಿದ್ದವು. ಆನಂತರ ಐದು ಬಂದವು. ಶಕ್ತಿ ಹೆಚ್ಚಿಸಲು ಐದು ಬೇರಿಂಗ್‌ಗಳ ಇಂಜಿನ್ ಹೆಚ್ಚು ಯೋಗ್ಯ. ಸಿಲಿಂಡರ್ ಹೆಡ್‌ನಲ್ಲಿ ನಾಲ್ಕು ಸಿಲಿಂಡರುಗಳಿಗೆ ಗಾಳಿ ಮತ್ತು ಇಂಧನದ ಮಿಶ್ರಣವು ಎರಡೇ ದ್ವಾರಗಳ ಮೂಲಕ ಒಳಬರುತ್ತದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಂದು ದ್ವಾರವನ್ನು ಹಂಚಿಕೊಳ್ಳುವುದರಿಂದ ಇಂಜಿನ್ನಿನ ಉಸಿರಾಟಕ್ಕೆ ಮಿತಿಯಿದೆ. ದ್ವಾರಗಳನ್ನು ನಯಗೊಳಿಸುವುದು, ಕ್ಯಾಮ್‌ಶಾಫ್ಟ್ ಬದಲಿಸುವುದು, ಸೈಲೆನ್ಸರ್ ಕೊಳವೆಗಳನ್ನು ಸುಧಾರಿಸುವುದು ಮುಂತಾದ ಕ್ರಮಗಳು ಈ ಮಿತಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತವೆ. ಸಿಲಿಂಡರಿನ ವ್ಯಾಸವನ್ನು ಸುಮಾರು 1.5 ಮಿ.ಮೀ. ಕೊರೆದು ಹೆಚ್ಚಿಸಿದರೆ ಸಾಮರ್ಥ್ಯವು 1868 ಸಿಸಿ ಆಗುತ್ತದೆ.

ಎಲ್ಲ ಬದಲಾವಣೆಗಳೂ ಶಕ್ತಿಗಾಗಿ ಮಾಡುವವಲ್ಲ. ಹಳೆಯ ಪೆಟ್ರೋಲಿನಲ್ಲಿದ್ದ ಸೀಸವು ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. ಸೀಸರಹಿತ ಪೆಟ್ರೋಲ್ ಬಂದ ಮೇಲೆ ಅಲ್ಲಿ ಗಡಸು ಲೋಹದ ಉಂಗುರಗಳನ್ನು ಕೂರಿಸುವುದು ರೂಢಿಯಾಯಿತು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡಬಲ್ಲುದು. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇಂಧನವಿರುವ ಭಾರತದಲ್ಲಿ ಇದು ವಿಶೇಷವಾಗಿ ಗಮನಿಸಬೇಕಾದ ವಿಷಯ. ಇಂಜಿನ್ನಿನ ಬಿಸಿಯ ಬಳಿ ಪೆಟ್ರೋಲ್ ಪೈಪು ಬಿರಿದರೆ ಬೆಂಕಿಯ ಅಪಾಯವಿರುವುದರಿಂದ ಎಥನಾಲ್ ತಾಳುವ ಪೈಪುಗಳನ್ನು ಹಾಕುವುದು ಅಗತ್ಯ.

ಎಂಟು ಸಿಲಿಂಡರಿನ ಇಂಜಿನ್

ರೋವರ್ ಸಂಸ್ಥೆಯ ಅಲ್ಯೂಮಿನಿಯಂ ವಿ8 ಇಂಜಿನ್ನನ್ನು ಎಂಜಿಬಿಗೆ ಅಳವಡಿಸುವುದು ಪ್ರಸಿದ್ಧವಾದ ಮಾರ್ಪಾಡು. ಇಂಗ್ಲೆಂಡಿನ ಕೆನ್ ಕಾಸ್ಟೆಲೋ ಎಂಬುವರು ಇಂತಹ ಕಾರುಗಳನ್ನು ತಯಾರಿಸಿ ಮಾರತೊಡಗಿದರು. ಆನಂತರ 1973ರಲ್ಲಿ ಕಾರ್ಖಾನೆಯೇ 3528 ಸಿಸಿ ಇಂಜಿನ್ನಿನ ಜಿಟಿ ವಿ8 ಮಾದರಿಯನ್ನು ಹೊರತಂದಿತು. 1976ರವರೆಗೆ ಇಂತಹ 2591 ಕಾರುಗಳು ತಯಾರಾದವು. ಹೊಸ ಇಂಜಿನ್ ಅಲ್ಯೂಮಿನಿಯಂನದಾದ್ದರಿಂದ ಗಾತ್ರ ಇಮ್ಮಡಿಯಷ್ಟಾದರೂ ಕಾರಿನ ಮುಂಭಾಗದ ಮೇಲೆ ಹೆಚ್ಚಿನ ಭಾರ ಬೀಳಲಿಲ್ಲ. ವ್ಯಕ್ತಿಯೊಬ್ಬರ ಮಾರ್ಪಾಡಾಗಿ ಆರಂಭವಾದುದು ಕಾರ್ಖಾನೆಯ ಮಾದರಿಯೂ ಆಯಿತೆಂಬುದು ಗಮನಾರ್ಹ.

ಗೇರ್‌ಬಾಕ್ಸ್ ಮತ್ತು ವಿದ್ಯುತ್ ವ್ಯವಸ್ಥೆ

ಮೂಲ ಗೇರ್‌ಬಾಕ್ಸಿನಲ್ಲಿ ನಾಲ್ಕು ಗೇರುಗಳಿದ್ದವು. ಓವರ್‌ಡ್ರೈವ್ ಇದ್ದರೆ ಅದೇ ವೇಗದಲ್ಲಿ ಇಂಜಿನ್ನಿನ ಸುತ್ತುಗಳು ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆಯಾಗಿ ಸದ್ದು ಮತ್ತು ಸವೆತ ಎರಡೂ ತಗ್ಗುತ್ತವೆ. ಓವರ್‌ಡ್ರೈವ್ ಇಲ್ಲದ ಕಾರುಗಳಿಗೆ ಫೋರ್ಡ್ ಸಂಸ್ಥೆಯ ಐದು ಗೇರುಗಳ ಪೆಟ್ಟಿಗೆಯನ್ನು ಜೋಡಿಸುವುದುಂಟು.

1967ಕ್ಕೆ ಮುಂಚಿನ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಕಾರಿನ ಮೈಗೆ ಜೋಡಿಸಲಾಗಿತ್ತು. ಇಂದಿನ ಉಪಕರಣಗಳು ಬಹುತೇಕ ಋಣ ಧ್ರುವವು ಮೈಗೆ ಸೇರಿರುವ ವ್ಯವಸ್ಥೆಗಾಗಿ ತಯಾರಾದವು. ಇದನ್ನು ಗಮನಿಸದೆ ಎಲೆಕ್ಟ್ರಾನಿಕ್ ಇಗ್ನಿಷನ್ ಅಥವಾ ರೇಡಿಯೋ ಜೋಡಿಸಿದರೆ ಅವು ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಡೈನಮೊ ಬದಲಿಗೆ ಆಲ್ಟರ್ನೇಟರ್ ಹಾಕುವುದು ಹಾಗೂ ಮುಂದೀಪಗಳಿಗೆ ರಿಲೇ ಜೋಡಿಸಿ ಹಳೆಯ ಸ್ವಿಚ್ಚಿನ ಮೇಲಿನ ಹೊರೆಯನ್ನು ತಗ್ಗಿಸುವುದು ಪ್ರಯೋಜನಕಾರಿ.

ಮೂಲರೂಪದ ಪ್ರಶ್ನೆ

ಹಳೆಯ ಕಾರನ್ನು ಬದಲಿಸುವುದು ಸರಿಯೇ ಎಂಬ ವಿಷಯದಲ್ಲಿ ಆಸಕ್ತರಲ್ಲಿ ಭಿನ್ನಾಭಿಪ್ರಾಯವಿದೆ. ಕಾರನ್ನು ಚಾರಿತ್ರಿಕ ವಸ್ತುವೆಂದು ಭಾವಿಸುವವರು ಕಾರ್ಖಾನೆಯಿಂದ ಬಂದ ಸ್ಥಿತಿಯೇ ಉಳಿಯಬೇಕೆನ್ನುತ್ತಾರೆ. ಅದು ಓಡುವುದಕ್ಕಾಗಿಯೇ ಹುಟ್ಟಿದ ಯಂತ್ರವೆನ್ನುವವರು, ಬಳಕೆಯಿಲ್ಲದೆ ನಿಂತ ಕಾರಿಗಿಂತ ಬದಲಾಗಿ ಓಡುವ ಕಾರು ಮೇಲೆನ್ನುತ್ತಾರೆ. ಇವೆರಡರ ನಡುವೆ ಬಳಕೆಯಲ್ಲಿರುವ ಅಳತೆಗೋಲು ಹಿಂತಿರುಗಿಸುವ ಸಾಧ್ಯತೆ. ಬೋಲ್ಟ್ ಬಿಚ್ಚಿ ಹಾಕಿದ ಭಾಗವನ್ನು ಮತ್ತೆ ತೆಗೆದು ಮೂಲಭಾಗವನ್ನು ಜೋಡಿಸಬಹುದು. ಕತ್ತರಿಸಿದ ತಗಡು ಹಿಂದಿನಂತಾಗುವುದು ಕಷ್ಟ. ತೆಗೆದ ಮೂಲಭಾಗಗಳನ್ನು ಜೋಪಾನವಾಗಿಡುವುದು ಮತ್ತು ಮಾಡಿದ ಬದಲಾವಣೆಗಳನ್ನು ಬರೆದಿಡುವುದು ಮುಂದಿನ ಮಾಲೀಕನಿಗೂ ಮೆಕ್ಯಾನಿಕ್‌ಗೂ ನೆರವಾಗುತ್ತದೆ.

ಭಾರತದ ಕಾನೂನು

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕಾನೂನು ಅನುಮತಿಸಿದ ಸಂದರ್ಭಗಳು ಇದಕ್ಕೆ ಹೊರತು. 2021ರಲ್ಲಿ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನಿಯಮಗಳು ಜಾರಿಗೆ ಬಂದವು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ, ಗಣನೀಯವಾಗಿ ಮಾರ್ಪಡದ ವೈಯಕ್ತಿಕ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ನೋಂದಣಿ ಸಂಖ್ಯೆಯಲ್ಲಿ 'ವಿಎ' ಅಕ್ಷರಗಳಿರುತ್ತವೆ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿಗಾಗಿ ಮಾತ್ರ ಇವುಗಳನ್ನು ರಸ್ತೆಗಿಳಿಸಬಹುದು. ಅಂದರೆ ಬೇರೆ ಇಂಜಿನ್ ಕೂರಿಸಿದ ಅಥವಾ ಮೈಯನ್ನು ಕತ್ತರಿಸಿ ಬದಲಿಸಿದ ಹಳೆಯ ಕಾರು ಈ ಮಾನ್ಯತೆಯನ್ನು ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ದೊಡ್ಡ ಮಾರ್ಪಾಡಿಗೆ ಕೈಹಾಕುವ ಮುನ್ನವೇ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.