ಸಕ್ಕರೆ ಎಷ್ಟೆಂದು ಹೇಳದಿದ್ದರೆ

ಬಜಗೋಳಿ ಪೇಟೆಯ ಹೋಟೆಲಿನಲ್ಲಿ ಕೂತು ‘ಒಂಜಿ ಚಾ’ ಎಂದರೆ ಸಾಕು, ಹಾಲು ಸಕ್ಕರೆ ಹಾಕಿದ ಚಾ ಮೇಜಿಗೆ ಬರುತ್ತದೆ. ಸಕ್ಕರೆ ಎಷ್ಟು ಚಮಚ ಎಂದು ಯಾರೂ ಕೇಳುವುದಿಲ್ಲ. ಶುಗರ್ ಇರುವವರು ಮಾತ್ರ ‘ಸಕ್ಕರೆ ಬೇಡ’ ಎಂದು ಸೇರಿಸುತ್ತಾರೆ. ಡೇಟಾಬೇಸಿನ ಫಂಕ್ಷನ್ನುಗಳಲ್ಲಿ ಡಿಫಾಲ್ಟ್ ಮೌಲ್ಯ ಎನ್ನುವುದು ಇದನ್ನೇ. ಕರೆದವರು ಹೇಳದೆ ಬಿಟ್ಟದ್ದಕ್ಕೆ ಮೊದಲೇ ಗೊತ್ತುಮಾಡಿಟ್ಟ ಅಳತೆ.

ಹಾಲಿನ ಸಂಘವೊಂದರ ಲೆಕ್ಕಕ್ಕೆ ಫಂಕ್ಷನ್ ಬರೆಯುತ್ತೇವೆ ಅಂದುಕೊಳ್ಳಿ. ಹೆಸರು ‘ಹಾಲಿನ_ಹಣ’. (ಹೆಸರು ಕನ್ನಡದಲ್ಲಿದ್ದರೂ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಕರಾರು ಮಾಡುವುದಿಲ್ಲ.) ಅದಕ್ಕೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದಿನಾಂಕ ಬೇಕು. ದಿನಾಂಕ ಕೊಡದಿದ್ದರೆ ಇವತ್ತಿನದು ಎಂದು ಬರೆದಿಟ್ಟರೆ ಒಳ್ಳೆಯದೇ. ಆ ‘ಇವತ್ತು’ ಫಂಕ್ಷನ್ ಬರೆದ ದಿನವಲ್ಲ. ಪ್ರತಿ ಸಲ ಕರೆದಾಗಲೂ ಹೊಸದಾಗಿ ನೋಡಿಕೊಳ್ಳುತ್ತದೆ.

ಪೋಸ್ಟ್‌ಗ್ರೆಸ್‌ಗೆ ಈ ಸೌಕರ್ಯ ಬಂದದ್ದು 2009ರ 8.4ನೇ ಆವೃತ್ತಿಯಲ್ಲಿ. ಒಂದು ಕಟ್ಟಳೆ ಇದೆ: ಫಂಕ್ಷನ್ನು ಕೇಳುವ ವಿವರಗಳಲ್ಲಿ ಒಂದಕ್ಕೆ ಡಿಫಾಲ್ಟ್ ಕೊಟ್ಟರೆ ಅದರ ನಂತರ ಬರುವ ಎಲ್ಲಕ್ಕೂ ಕೊಡಬೇಕು. ಅದಕ್ಕೇ ದಿನಾಂಕವನ್ನು ಕೊನೆಗಿಟ್ಟದ್ದು. ಎಸ್‌ಕ್ಯೂಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸಿನ ಫಂಕ್ಷನ್ನಿಗೆ ಸುಮ್ಮನಿದ್ದರೆ ಆಗದು, ‘ಡಿಫಾಲ್ಟ್’ ಎಂದು ಬಾಯಿಬಿಟ್ಟು ಹೇಳಲೇಬೇಕು. ದಿನಾ ಬರುವ ಗಿರಾಕಿಯೂ ‘ಯಾವಾಗಿನ ಹಾಗೆ’ ಎನ್ನಬೇಕಾದ ಹೋಟೆಲು ಅದು. ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಡೇಟಾಬೇಸಿನ ಫಂಕ್ಷನ್ನುಗಳಲ್ಲಿ ಈ ಏರ್ಪಾಡೇ ಇಲ್ಲ.

ಹೊಸಬರು ಎಡವುವುದು ‘ನಲ್’ ಬಳಿ. ಏನೂ ಹೇಳದಿರುವುದು ಬೇರೆ, ಸೊನ್ನೆ ಎನ್ನುವುದು ಬೇರೆ, ‘ಗೊತ್ತಿಲ್ಲ’ ಎನ್ನುವುದು ಇನ್ನೂ ಬೇರೆ. ನಲ್ ಅಂದರೆ ಗೊತ್ತಿಲ್ಲ. ಅದನ್ನು ಕೈಯಾರೆ ಕೊಟ್ಟರೆ ಡಿಫಾಲ್ಟ್ ಏಳುವುದೇ ಇಲ್ಲ. ನಲ್ ಹಾಗೇ ಒಳಗೆ ಹೋಗಿ, ಗುಣಿಸಿದ್ದೂ ಕೂಡಿಸಿದ್ದೂ ನಲ್ ಆಗಿ ಹೊರಬರುತ್ತದೆ. ಫಾರ್ಮಿನ ಖಾಲಿ ಚೌಕವನ್ನು ಆ್ಯಪು ನಲ್ ಎಂದು ಕಳಿಸುತ್ತಿದ್ದರೆ, ಡಿಫಾಲ್ಟ್ ಬರೆದೂ ದಿನಾಂಕ ಬರಲಿಲ್ಲವೇಕೆ ಎಂದು ರಾತ್ರಿಯಿಡೀ ತಲೆ ಕೆರೆದುಕೊಳ್ಳಬೇಕಾದೀತು.

ಹಾಗಾದರೆ ಫ್ಯಾಟಿಗೂ 3.5 ಎಂದು ಡಿಫಾಲ್ಟ್ ಇಡಬಹುದೇ? ನಾನಂತೂ ಇಡಲಾರೆ. ಸಕ್ಕರೆಯದು ರೂಢಿ, ಫ್ಯಾಟು ಅಳೆದು ನೋಡಬೇಕಾದದ್ದು. ಒಂದು ಸಂಜೆ ಟೆಸ್ಟಿಂಗ್ ಮೆಷಿನ್ ಕೆಟ್ಟಿತು, ಫ್ಯಾಟು ಬರೆಯಲಿಲ್ಲ ಅನ್ನಿ. ಜೆರ್ಸಿ ದನ ಸಾಕಿದವರ 4.5ರ ಹಾಲಿಗೂ ಚೀಟಿಯಲ್ಲಿ 3.5ರ ದರ ಬೀಳುತ್ತದೆ. ಎಲ್ಲಿಯೂ ತಪ್ಪು ಕಾಣುವುದಿಲ್ಲ, ಲೆಕ್ಕವೂ ತಾಳೆಯಾಗುತ್ತದೆ. ಡಿಫಾಲ್ಟ್ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ‘ಇಂಥ ಫಂಕ್ಷನ್ನೇ ಇಲ್ಲ’ ಎಂದು ಒರಟಾಗಿ ಹೇಳಿ ಕೆಲಸ ನಿಲ್ಲಿಸುತ್ತದೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಕಿರಿಕಿರಿಯೇ ಸರಿ. ಆದರೆ ಆಗಿನ್ನೂ ಹಾಲು ದೊಡ್ಡ ಕ್ಯಾನಿಗೆ ಸುರಿದಿರುವುದಿಲ್ಲ, ಇನ್ನೊಂದು ಸ್ಯಾಂಪಲ್ ತೆಗೆಯಬಹುದು.