ನಿಮಗಿದು ಗೊತ್ತೇ? ಮೂಳೆಗೂ ನೆಲೆ ಸಿಗದ ಥಾಮಸ್ ಪೇನ್

ಅಮೆರಿಕದ ವಸಾಹತುಗಳಿಗೆ ಸ್ವಾತಂತ್ರ್ಯದ ಹುಚ್ಚು ಹಿಡಿಸಿದ ‘ಕಾಮನ್ ಸೆನ್ಸ್’ ಬರೆದವನು ಅಮೆರಿಕದವನಲ್ಲ! ಥಾಮಸ್ ಪೇನ್ ಇಂಗ್ಲೆಂಡಿನ ಥೆಟ್‌ಫರ್ಡ್‌ನವನು. ಅಪ್ಪ ಹೆಂಗಸರ ಕಾರ್ಸೆಟ್ ಹೊಲಿಯುತ್ತಿದ್ದ. ಮಗನೂ ಅದೇ ಕಸುಬು ಕಲಿತ, ಆಮೇಲೆ ಸುಂಕದ ಇಲಾಖೆ ಸೇರಿ ಅಲ್ಲಿಂದ ವಜಾ ಆದ. 1774ರ ನವೆಂಬರ್ ಕೊನೆಗೆ ಬೆಂಜಮಿನ್ ಫ್ರಾಂಕ್ಲಿನ್ ಕೊಟ್ಟ ಪರಿಚಯಪತ್ರ ಹಿಡಿದು, ಜ್ವರದಿಂದ ಏಳಲಾರದ ಸ್ಥಿತಿಯಲ್ಲಿ ಫಿಲಡೆಲ್ಫಿಯಾ ತಲುಪಿದ. ‘ಕಾಮನ್ ಸೆನ್ಸ್’ ಕಿರುಹೊತ್ತಗೆ ಹೊರಬಂದದ್ದು 1776ರ ಜನವರಿಯಲ್ಲಿ.

ಮೊದಲ ಮುದ್ರಣದಲ್ಲಿ ಲೇಖಕನ ಹೆಸರಿರಲಿಲ್ಲ. ಬರೆದವರು, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಆಡಮ್ಸ್ ಇರಬೇಕೆಂದು ಊಹಿಸಿದವರೂ ಇದ್ದರು. ಆಡಮ್ಸ್‌ಗೋ ಪೇನ್‌ನನ್ನು ಕಂಡರೆ ಆಗುತ್ತಿರಲಿಲ್ಲ. 1805ರ ಒಂದು ಪತ್ರದಲ್ಲಿ, ಬೇಕಿದ್ದರೆ ಈ ಕಾಲವನ್ನು ಪೇನ್‌ನ ಯುಗ ಎಂದೇ ಕರೆಯಿರಿ ಎಂದು ಬೈದು ಬರೆದರು. ಆ ಬೈಗುಳವನ್ನು ಇಂದಿನ ಇತಿಹಾಸಕಾರರು ಪ್ರಶಸ್ತಿಪತ್ರದಂತೆ ಬಳಸುತ್ತಾರೆ.

ಎಷ್ಟು ಪ್ರತಿ ಮಾರಾಟವಾಯಿತು? ಇಲ್ಲಿಯೇ ಜಗಳ. ಮೂರು ತಿಂಗಳಲ್ಲಿ 1,20,000 ಎಂದು ಪೇನ್ ತಾನೇ ಹೇಳಿಕೊಂಡ, ಮುಂದೆ ಅದನ್ನು 1,50,000ಕ್ಕೆ ಏರಿಸಿದ. ಆಮೇಲಿನ ಚರಿತ್ರಕಾರರ ಕೈಯಲ್ಲಿ ಲೆಕ್ಕ 5 ಲಕ್ಷ ಮುಟ್ಟಿತು. ಗುಲಾಮರೂ ಸೇರಿ ವಸಾಹತುಗಳ ಜನಸಂಖ್ಯೆಯೇ ಸುಮಾರು 25 ಲಕ್ಷ! ಅಂದಿನ ಅಚ್ಚುಕೂಟಗಳ ಸಾಮರ್ಥ್ಯ ಪರಿಶೀಲಿಸಿದ ವಿದ್ವಾಂಸೆ ಟ್ರಿಶ್ ಲಾಫ್ರನ್, 75,000ದ ಮೇಲೆ ಹೋಗಿರಲಾರದು ಎಂದರು. ಅಷ್ಟಾದರೂ ಸಣ್ಣ ಸಂಖ್ಯೆಯೇನಲ್ಲ. ಪಡಖಾನೆಗಳಲ್ಲಿ ಒಬ್ಬ ಓದಿ ಹತ್ತು ಜನ ಕೇಳಿದ್ದನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ತನ್ನ ಪಾಲಿನ ಲಾಭದಲ್ಲಿ ಕ್ವಿಬೆಕ್‌ನ ಚಳಿಯಲ್ಲಿದ್ದ ಅಮೆರಿಕದ ಸೈನಿಕರಿಗೆ ಕೈಗವಸು ಕೊಡಿಸಬೇಕೆಂದು ಪೇನ್ ಹೊರಟ. ಮುದ್ರಕ ರಾಬರ್ಟ್ ಬೆಲ್ ಹೇಳಿದ್ದು, ಲಾಭವೇ ಬಂದಿಲ್ಲ! ಲೇಖಕ ಮತ್ತು ಪ್ರಕಾಶಕರ ಸಂಬಂಧ ಅಂದಿನಿಂದ ಹೆಚ್ಚೇನೂ ಬದಲಾದಂತಿಲ್ಲ.

ಪೇನ್ ಬದುಕಿದ್ದಾಗಲೇ, 1791ರಲ್ಲಿ, ಅವನ ಮೊದಲ ಜೀವನಚರಿತ್ರೆ ಬಂತು. ಫ್ರಾನ್ಸಿಸ್ ಓಲ್ಡಿಸ್ ಎಂಬ ಸುಳ್ಳು ಹೆಸರಿನಲ್ಲಿ ಬರೆದವನು ಜಾರ್ಜ್ ಚಾಮರ್ಸ್, ಬ್ರಿಟಿಷ್ ಸರ್ಕಾರದ ನೌಕರ. ಉದ್ದೇಶ ಮಸಿ ಬಳಿಯುವುದು.

ಕ್ರಾಂತಿಯ ಹೊತ್ತಿನಲ್ಲಿದ್ದ ಫ್ರೆಂಚರು ಪೇನ್‌ನನ್ನು 1792ರಲ್ಲಿ ತಮ್ಮ ಸಂಸತ್ತಿಗೆ ಆರಿಸಿದರು. ಅವನಿಗೆ ಫ್ರೆಂಚ್ ಸರಿಯಾಗಿ ಬರುತ್ತಿರಲಿಲ್ಲ. ರಾಜತ್ವದ ಕಡುವೈರಿಯಾಗಿದ್ದೂ 16ನೇ ಲೂಯಿಯನ್ನು ಕೊಲ್ಲಬೇಡಿ, ಅಮೆರಿಕಕ್ಕೆ ಗಡೀಪಾರು ಮಾಡಿ ಎಂದು ವಾದಿಸಿದ. 1793ರ ಡಿಸೆಂಬರ್‌ನಲ್ಲಿ ಪೇನ್‌ನನ್ನೇ ಪ್ಯಾರಿಸ್‌ನ ಲಕ್ಸೆಂಬರ್ಗ್ ಸೆರೆಮನೆಗೆ ತಳ್ಳಿದರು. ಹತ್ತು ತಿಂಗಳ ಮೇಲೆ ಬಿಡಿಸಿದವರು ಅಮೆರಿಕದ ರಾಯಭಾರಿ ಜೇಮ್ಸ್ ಮನ್ರೋ.

ಪೇನ್‌ನ ಹೆಸರು ಕೆಡಿಸಿದ್ದು ರಾಜರ ಮೇಲಿನ ಟೀಕೆಯಲ್ಲ, ಬೈಬಲ್‌ನ ಮೇಲಿನ ಟೀಕೆ. ‘ದಿ ಏಜ್ ಆಫ್ ರೀಸನ್’ ಬಂದ ಮೇಲೆ ಹಳೆಯ ಗೆಳೆಯರೂ ಮುಖ ತಿರುಗಿಸಿದರು. 1809ರಲ್ಲಿ ನ್ಯೂಯಾರ್ಕ್‌ನಲ್ಲಿ ಸತ್ತಾಗ ಶವಸಂಸ್ಕಾರಕ್ಕೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಕ್ವೇಕರ್ ಪಂಥದವರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ. 1888ರಷ್ಟು ತಡವಾಗಿಯೂ, ಮುಂದೆ ಅಧ್ಯಕ್ಷರಾಗಲಿದ್ದ ಥಿಯೋಡರ್ ರೂಸ್‌ವೆಲ್ಟ್ ತಮ್ಮ ಪುಸ್ತಕದಲ್ಲಿ ಅವನನ್ನು ಹೊಲಸು ನಾಸ್ತಿಕ ಎಂದು ಜರೆದರು. ದೇವರೊಬ್ಬನಿದ್ದಾನೆಂಬ ನಂಬಿಕೆಯನ್ನು ಪೇನ್ ಆ ವಿವಾದಿತ ಪುಸ್ತಕದ ಮೊದಲಲ್ಲೇ ಸಾರಿದ್ದ. ರೂಸ್‌ವೆಲ್ಟ್ ಅಷ್ಟನ್ನಾದರೂ ಓದಬೇಕಿತ್ತು.

ಅವನ ಮೂಳೆಗಳ ಕಥೆ ಗೊತ್ತೇ? ಒಂದು ಕಾಲಕ್ಕೆ ಅವನನ್ನು ಬಾಯಿಗೆ ಬಂದಂತೆ ಬೈದಿದ್ದ ಪತ್ರಕರ್ತ ವಿಲಿಯಂ ಕಾಬೆಟ್ ಆಮೇಲೆ ಕಟ್ಟಾ ಅಭಿಮಾನಿಯಾದ. 1819ರಲ್ಲಿ ನ್ಯೂ ರೊಶೆಲ್‌ನ ಹೊಲದಲ್ಲಿದ್ದ ಗೋರಿ ಅಗೆದು, ಮೂಳೆಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದ. ಭವ್ಯ ಸಮಾಧಿ ಕಟ್ಟುವ ಆಸೆ. ಜನ ನಕ್ಕರು, ಹಣ ಬರಲಿಲ್ಲ. 1835ರಲ್ಲಿ ಕಾಬೆಟ್ ಸತ್ತಾಗಲೂ ಮೂಳೆಗಳು ಅವನ ಬಳಿಯೇ ಇದ್ದವು. ಆಮೇಲೆ ಎಲ್ಲಿ ಹೋದವೋ!

ಇತಿಹಾಸದ ತಕ್ಕಡಿ ತಿರುಗಿದ್ದು 1892ರಲ್ಲಿ, ಮಾನ್‌ಕ್ಯೂರ್ ಕಾನ್ವೇ ಎರಡು ಸಂಪುಟಗಳಲ್ಲಿ ಬರೆದ ಜೀವನಚರಿತ್ರೆಯಿಂದ. ಆದರೆ ಅಭಿಮಾನವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಪೇನ್‌ನದೆಂದು ಕಾನ್ವೇ ಸೇರಿಸಿಕೊಂಡ, ಗುಲಾಮಗಿರಿಯನ್ನು ಖಂಡಿಸುವ 1775ರ ಲೇಖನ ಅವನದಲ್ಲ ಎನ್ನುವ ಸಂಶೋಧಕರು ಇಂದು ಹಲವರು.

ಇಂಗ್ಲೆಂಡಿನ ದುಡಿಯುವ ವರ್ಗದ ಚಳವಳಿಗೆ ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ ಪುಸ್ತಕ ಬುನಾದಿ ಎಂದು ಇತಿಹಾಸಕಾರ ಇ.ಪಿ. ಥಾಂಪ್ಸನ್ 1963ರಲ್ಲಿ ಬರೆದರು. ಇನ್ನೊಬ್ಬ ಇತಿಹಾಸಕಾರ ಎರಿಕ್ ಫೋನರ್ 1976ರಲ್ಲಿ ಫಿಲಡೆಲ್ಫಿಯಾದ ಕುಶಲಕರ್ಮಿಗಳ ನಡುವೆ ಪೇನ್‌ನನ್ನು ಇಟ್ಟು ನೋಡಿದರು. ನನ್ನ ಮಟ್ಟಿಗೆ ಫೋನರ್ ಪುಸ್ತಕವೇ ಹೆಚ್ಚು ರುಚಿ.

ಅದೇ ‘ರೈಟ್ಸ್ ಆಫ್ ಮ್ಯಾನ್’ ಅನ್ನು ಪುಣೆಯಲ್ಲಿ ಯುವಕ ಜ್ಯೋತಿಬಾ ಫುಲೆ 1847ರ ಸುಮಾರಿಗೆ ಓದಿದರು.

ವೃದ್ಧಾಪ್ಯ ವೇತನದ ಯೋಜನೆಯನ್ನೂ ಪೇನ್ ಹಾಕಿಕೊಟ್ಟಿದ್ದ. 1797ರ ‘ಅಗ್ರೇರಿಯನ್ ಜಸ್ಟಿಸ್’ನಲ್ಲಿ, 21 ತುಂಬಿದವರಿಗೆ 15 ಪೌಂಡ್, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್. ಹಣ ಎಲ್ಲಿಂದ? ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯಿಂದ.

ವಾಷಿಂಗ್ಟನ್‌ನಲ್ಲಿ ಅವನ ಸ್ಮಾರಕಕ್ಕೆ ಅಮೆರಿಕದ ಕಾಂಗ್ರೆಸ್ 1992ರಲ್ಲೇ ಒಪ್ಪಿಗೆ ಕೊಟ್ಟಿತ್ತು. ಕಟ್ಟಲಿಲ್ಲ. 2022ರ ಕೊನೆಗೆ ಅದೇ ಒಪ್ಪಿಗೆಯನ್ನು ಮತ್ತೊಮ್ಮೆ ಕೊಡಬೇಕಾಯಿತು.